ಊರು ಬಿಟ್ಟರೆ ಹಕ್ಕೂ ಬಿಟ್ಟಂತೆಯೇ?

ಪ್ರಶ್ನೆ: ಗಲಭೆಗೆ ಹೆದರಿ ಉಟ್ಟ ಬಟ್ಟೆಯಲ್ಲೇ ಓಡಿಬಂದು, ಅದೇ ದೇಶದ ಇನ್ನೊಂದು ಕಡೆ ಶಿಬಿರ ಸೇರಿದವರು ನಿರಾಶ್ರಿತರೇ? ಮನೆಪತ್ರ, ಗುರುತಿನ ಚೀಟಿ ಎಲ್ಲ ಸುಟ್ಟುಹೋಗಿದ್ದರೆ ಏನು ಮಾಡಬೇಕು?

ಉತ್ತರ: ಆಡುಮಾತಿನಲ್ಲಿ ಹಾಗೆನ್ನುತ್ತೇವೆ, ಕಾನೂನಿನಲ್ಲಿ ಅಲ್ಲ. 1951ರ ನಿರಾಶ್ರಿತರ ಒಪ್ಪಂದ ಗಡಿ ದಾಟಿದವರಿಗೆ ಮಾತ್ರ. ಗಡಿಯೊಳಗೇ ಉಳಿದವರು 'ಆಂತರಿಕ ಸ್ಥಳಾಂತರಿತರು'. ಊರು ಬಿಟ್ಟ ಮಾತ್ರಕ್ಕೆ ಅವರ ಪೌರತ್ವವಾಗಲಿ, ಮತದಾನದ ಹಕ್ಕಾಗಲಿ, ಮಕ್ಕಳ ಓದಿನ ಹಕ್ಕಾಗಲಿ ಹೋಗುವುದಿಲ್ಲ.

ಇವರ ಪರವಾಗಿ ವಿಶ್ವಸಂಸ್ಥೆಯ 30 ಮಾರ್ಗದರ್ಶಿ ತತ್ವಗಳಿವೆ (1998). ಆದರೆ ಅವು ಒಪ್ಪಂದವಲ್ಲ, ಅವನ್ನಷ್ಟೇ ನೆಚ್ಚಿಕೊಂಡು ಕೋರ್ಟಿಗೆ ಹೋದರೆ ಅರ್ಜಿ ನಿಲ್ಲುವುದು ಕಷ್ಟ. ಮೊದಲು ಆಯಾ ದೇಶದ ಸಂವಿಧಾನ ಮತ್ತು ಕಾಯ್ದೆ, ಬಲಕ್ಕೆ ಈ ತತ್ವಗಳು. ಆಫ್ರಿಕಾದಲ್ಲಿ ಮಾತ್ರ, ಇಂಥವರ ರಕ್ಷಣೆಗೆಂದೇ ಆದ 2009ರ ಕಂಪಾಲಾ ಒಪ್ಪಂದ, ಸಹಿ ಹಾಕಿ ಅಂಗೀಕರಿಸಿದ ದೇಶಗಳನ್ನು ಕಟ್ಟಿಹಾಕುತ್ತದೆ.

ಕಾಗದಪತ್ರದ ಬಗ್ಗೆ 20ನೇ ತತ್ವ ಸ್ಪಷ್ಟವಾಗಿದೆ: ಕಳೆದ ದಾಖಲೆಯನ್ನು ಮತ್ತೆ ಕೊಡಬೇಕು, ಅದಕ್ಕಾಗಿ ಓಡಿಬಂದ ಊರಿಗೇ ಹೋಗಿ ಬಾ ಎಂಬಂಥ ಷರತ್ತು ಹಾಕಬಾರದು. ಹೆಂಗಸರಿಗೆ ಅವರವರ ಹೆಸರಿನಲ್ಲೇ ಕೊಡಬೇಕು. 'ಮನೆಗೊಂದು ಕಾರ್ಡ್ ಸಾಕು' ಎಂದು ಯಜಮಾನನ ಹೆಸರಲ್ಲಷ್ಟೇ ನೋಂದಾಯಿಸಿದರೆ, ಅವನು ಕಾಣೆಯಾದ ದಿನ ಹೆಂಡತಿಯ ಪಡಿತರವೂ ನಿಲ್ಲುತ್ತದೆ.

ಆಸ್ತಿಯ ವಿಷಯದಲ್ಲಿ ತಡಮಾಡಬೇಡಿ. ನೆನಪು ಹಸಿಯಾಗಿರುವಾಗಲೇ ಚೆಕ್ಕುಬಂದಿ ಬರೆದಿಡಿ: ಮೂಡಲಿಗೆ ಯಾರ ಮನೆ, ಪಡುವಲಿಗೆ ಯಾವ ದಾರಿ, ಬಾವಿ ಯಾವ ಮೂಲೆಯಲ್ಲಿ. ಹಳೆಯ ಕರೆಂಟ್ ಬಿಲ್, ಕಂದಾಯದ ರಸೀದಿ, ಮದುವೆ ಫೋಟೊದಲ್ಲಿ ಹಿಂದೆ ಕಾಣುವ ಬಾಗಿಲು, ಇವೆಲ್ಲ ಪುರಾವೆಯೇ. ಅಕ್ಕಪಕ್ಕದ ಇಬ್ಬರು ಮೂವರಿಂದ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ. ಶಿಬಿರ ಚದುರಿದ ಮೇಲೆ ಅವರು ಸಿಗುವುದಿಲ್ಲ. ನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಕೇಳಿ, ಜೊತೆಗೇ ಆಸ್ತಿ ಬೇರೆಯವರ ಹೆಸರಿಗೆ ಹೋಗದಂತೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಅವಸರದಲ್ಲಿ ಕಾಸಿಗೆ ಮಾರಿದ್ದೇ ಎಷ್ಟೋ ಮನೆಗಳು ಕೈತಪ್ಪಲು ಕಾರಣ. ಖಾಲಿ ಕಾಗದಕ್ಕಂತೂ ಸಹಿ ಬೇಡ.

ಪ್ರಶ್ನೆ: 'ಶಾಂತಿ ನೆಲೆಸಿದೆ, ಶಿಬಿರ ಮುಚ್ಚುತ್ತೇವೆ, ಹೊರಡಿ' ಎಂದರೆ?

ಉತ್ತರ: ಜೀವಕ್ಕೆ, ಆರೋಗ್ಯಕ್ಕೆ ಅಪಾಯವಿರುವ ಕಡೆಗೆ ಬಲವಂತವಾಗಿ ಕಳುಹಿಸುವಂತಿಲ್ಲ (15ನೇ ತತ್ವ). ಹಿಂತಿರುಗುವುದೋ ಬೇರೆಡೆ ನೆಲೆಸುವುದೋ, ಆಯ್ಕೆ ಅವರದೇ. ಬೇರೆಡೆ ನೆಲೆಸಿದವರಿಗೂ ಹಳೆಯ ಮನೆಯ ಹಕ್ಕು ಉಳಿದೇ ಇರುತ್ತದೆ; ಮರಳಿ ಸಿಗದಿದ್ದರೆ ಪರಿಹಾರ ಕೇಳಬಹುದು. ಹಾಗಾಗಿ ಪರಿಹಾರದ ಚೆಕ್ಕಿನ ಜೊತೆ 'ಮುಂದೆ ಯಾವ ಹಕ್ಕೂ ಕೇಳುವುದಿಲ್ಲ' ಎಂಬ ಮುಚ್ಚಳಿಕೆ ಬಂದರೆ ವಕೀಲರಿಗೆ ತೋರಿಸದೆ ಹೆಬ್ಬೆಟ್ಟು ಒತ್ತಬೇಡಿ.