ಸಿಂಗಾಪುರದಿಂದ ಕ್ರೂಸಿಗೆ ಹೋಗುವ ಅಪ್ಪ-ಅಮ್ಮನಿಗೆ ಇನ್ಶೂರೆನ್ಸ್ ಬೇಕಾ? ಯಾವುದು ಮಾಡಿಸಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಶಿರಸಿ ಕಡೆಯವರು. ಅಪ್ಪನಿಗೆ 67, ಬಿಪಿ ಮತ್ತು ಶುಗರ್ ಎರಡೂ ಇದೆ. ಅಮ್ಮನಿಗೆ 62. ಡಿಸೆಂಬರಿನಲ್ಲಿ ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಸುತ್ತಿ ಬರುವ ನಾಲ್ಕು ರಾತ್ರಿಯ ಕ್ರೂಸ್. ಹಡಗಿನಲ್ಲೇ ಡಾಕ್ಟರ್ ಇರುವಾಗ ಇನ್ಶೂರೆನ್ಸ್ ಯಾಕೆ, ಬೇಕೇ ಬೇಕು ಅಂದರೆ ಬುಕಿಂಗ್ ಮಾಡುವಾಗ ಹಡಗಿನ ಕಂಪನಿಯವರೇ ತೋರಿಸುವುದಕ್ಕೆ ಟಿಕ್ ಹಾಕಿದರೆ ಸಾಲದಾ ಎಂದು ಕೇಳಿದ್ದೀರಿ.

ಬೇಕು. ಬೇರೆಯಾಗಿಯೇ ಮಾಡಿಸಿ. ನಾನು ಇನ್ಶೂರೆನ್ಸ್ ಏಜೆಂಟ್ ಅಲ್ಲ, ಕಾರವಾರದಲ್ಲಿ ನೌಕರಿ ಮಾಡಿಕೊಂಡಿರುವವನು. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಇದೇ ದಾರಿಯ ಕ್ರೂಸಿಗೆ ಅಪ್ಪಯ್ಯ, ಆಯಿ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಹೆದರಿದ್ದೆಲ್ಲ ಕಡಲಿಗೆ. ಕೂರ್ಮಗಡದ ಜಾತ್ರೆಗೆ ಬೋಟಿನಲ್ಲಿ ಹೋಗಿ ದಡ ಮುಟ್ಟುವುದರೊಳಗೆ ಎರಡು ಸಲ ವಾಂತಿ ಮಾಡಿಕೊಂಡ ವಂಶ ನಮ್ಮದು. ಆದರೆ ಅಷ್ಟು ದೊಡ್ಡ ಹಡಗು ಅಲುಗಾಡಿದ್ದೇ ಗೊತ್ತಾಗಲಿಲ್ಲ. ಕೈಕೊಟ್ಟದ್ದು ಊಟ.

ಎರಡನೇ ದಿನ ಅಪ್ಪಯ್ಯ ಬಫೆಯಲ್ಲಿ ಹಣ್ಣು, ಐಸ್‌ಕ್ರೀಂ ಎಂದು ಸ್ವಲ್ಪ ಜಾಸ್ತಿಯೇ ಧೈರ್ಯ ಮಾಡಿದರು. ರಾತ್ರಿ ಹೊಟ್ಟೆ ಕೆಟ್ಟಿತು. ನಾಲ್ಕು ಗಂಟೆಗೆ ಬಾತ್‌ರೂಮಿನಿಂದ ಹೊರಗೆ ಬರುವಾಗ ತಲೆ ತಿರುಗಿ ಬಾಗಿಲು ಹಿಡಿದು ಕೂತುಬಿಟ್ಟರು. ಹಡಗಿನ ಕ್ಲಿನಿಕ್ಕಿಗೆ ಗಾಲಿ ಕುರ್ಚಿಯಲ್ಲಿ ಕರೆದುಕೊಂಡು ಹೋದರು. ಡಾಕ್ಟರ್ ಮೊದಲು ಕೇಳಿದ್ದು, ದಿನಾ ಯಾವ ಮಾತ್ರೆ ತಗೊಳ್ತೀರಿ ಎಂದು. ಅಪ್ಪಯ್ಯ ಅಂಗಿ ಜೇಬಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಮೊದಲು ಅದರಲ್ಲಿ ಕವಳದ (ಎಲೆ-ಅಡಿಕೆಯ) ತಂಬಾಕು ಇರುತ್ತಿತ್ತು. ಸಿಂಗಾಪುರಕ್ಕೆ ಅಗಿಯುವ ತಂಬಾಕು ಒಯ್ಯುವಂತಿಲ್ಲ ಎಂದು ನಾನೇ ಖಾಲಿ ಮಾಡಿಸಿದ್ದೆ. ಅವರು ಅದನ್ನು ಸುಮ್ನೆ ಬಿಡದೆ, ಬಿಪಿ ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ ಅದರಲ್ಲಿ ತುಂಬಿಕೊಂಡಿದ್ದರು. ಡಾಕ್ಟರ್ ಅಂಗೈಗೆ ಸುರಿದುಕೊಂಡು ನೋಡಿದರು. ಬಿಳಿ, ದುಂಡಗೆ, ಹೆಸರಿಲ್ಲ, ಮೇಲೆ ಸಣ್ಣ ತಂಬಾಕಿನ ಪುಡಿ ಬೇರೆ. ಕೊನೆಗೆ ವೈಫೈ ಹಾಕಿಸಿಕೊಂಡು ಊರಿನ ಡಾಕ್ಟರಿಗೆ ವಾಟ್ಸಾಪಿನಲ್ಲಿ ಫೋನು ಮಾಡಿ ಹೆಸರು ಕೇಳಬೇಕಾಯಿತು. ಆದ್ದರಿಂದ ಪಾಲಿಸಿಗಿಂತ ಮೊದಲು ಇದನ್ನು ಹೇಳುತ್ತೇನೆ: ಮಾತ್ರೆ ಸ್ಟ್ರಿಪ್ಪಿನಲ್ಲೇ ಇರಲಿ, ಡಾಕ್ಟರ್ ಚೀಟಿ ಜೊತೆಗಿರಲಿ.

ಡ್ರಿಪ್ ಹಾಕಿದರು, ಇಸಿಜಿ ಮಾಡಿದರು, ರಕ್ತ ನೋಡಿದರು. ಬೆಳಗ್ಗೆ ಸರಿಯಾದರು. ವಾಂತಿ-ಭೇದಿ ಹಡಗಿನಲ್ಲಿ ಬೇಗ ಹಬ್ಬುತ್ತದೆ, ಹಾಗಾಗಿ ಒಂದು ದಿನ ಕ್ಯಾಬಿನ್ ಬಿಟ್ಟು ಹೊರಗೆ ಬರಬೇಡಿ ಎಂದರು. ದುಡ್ಡು ಉಳಿಸಲು ನಾನು ಹಿಡಿದದ್ದು ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್. ಹೊರಗೆ ಫುಕೆಟ್, ಒಳಗೆ ಅಪ್ಪಯ್ಯ ಗೋಡೆ ನೋಡಿಕೊಂಡು ಮಲಗಿದ್ದರು. ಕೊನೆಯ ರಾತ್ರಿ ಬಂದ ಬಿಲ್ಲಿನಲ್ಲಿ ಕ್ಲಿನಿಕ್ಕಿನ ಲೆಕ್ಕವೇ 610 ಡಾಲರ್.

ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ ನಿಜ, ಪುಕ್ಕಟೆ ಅಲ್ಲ. ಟಿಕೆಟ್ಟಿನ ದುಡ್ಡಿನಲ್ಲಿ ಅದು ಸೇರಿರುವುದಿಲ್ಲ. ಖರ್ಚು ನಿಮ್ಮ ಕ್ಯಾಬಿನ್ ಲೆಕ್ಕಕ್ಕೆ ಬೀಳುತ್ತದೆ, ಇಳಿಯುವ ಮೊದಲು ಕಟ್ಟಬೇಕು. ಪಾಲಿಸಿಯಲ್ಲಿ ಕ್ಯಾಶ್‌ಲೆಸ್ ಎಂದು ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಹಡಗಿನ ಕ್ಲಿನಿಕ್ಕಿನಲ್ಲಿ ಸಾಮಾನ್ಯವಾಗಿ ಅದು ನಡೆಯುವುದಿಲ್ಲ. ಮೊದಲು ಕಾರ್ಡ್ ಉಜ್ಜಿ, ಆಮೇಲೆ ಕ್ಲೇಮ್ ಮಾಡಬೇಕು. ಇದು ಸಣ್ಣ ಮಾತಾಯಿತು. ದೊಡ್ಡದು ಏನಾದರೂ ಆದರೆ, ಅಂದರೆ ಎದೆನೋವು, ಮೂಳೆ ಮುರಿತ, ಹಡಗಿನ ಕ್ಲಿನಿಕ್ಕಿನಲ್ಲಿ ಜೀವ ಹಿಡಿದು ನಿಲ್ಲಿಸುವಷ್ಟು ಮಾಡಿ ಹತ್ತಿರದ ದಡದ ಆಸ್ಪತ್ರೆಗೆ ಸಾಗಿಸುತ್ತಾರೆ. ಅದು ಮಲೇಷ್ಯಾ ಆಗಬಹುದು, ಥಾಯ್ಲೆಂಡ್ ಆಗಬಹುದು. ಹಡಗು ಮುಂದೆ ಹೋಗುತ್ತದೆ. ಅಲ್ಲಿಂದ ಮನೆಗೆ ಕರೆತರುವ ಖರ್ಚೇ ನಮ್ಮಂಥವರ ಮನೆ ಮುಳುಗಿಸುವುದು. ಹಾಗಾಗಿ ಪಾಲಿಸಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಲಗೇಜ್ ಕಳೆದರೆ ಎಷ್ಟು ಕೊಡುತ್ತಾರೆ ಎಂಬುದಲ್ಲ. ರೋಗಿಯನ್ನು ಸಾಗಿಸುವ ಖರ್ಚು, ಊರಿಗೆ ವಾಪಸ್ ಕಳಿಸುವ ಖರ್ಚು ಸೇರಿದೆಯಾ, ಎಷ್ಟು ಮಟ್ಟಿಗೆ, ಹಡಗಿನ ಮೇಲಿಂದಲೂ ಆಗುತ್ತದಾ ಎಂಬುದು. ನಾನು 1 ಲಕ್ಷ ಡಾಲರಿನ ಪಾಲಿಸಿ ಮಾಡಿಸಿದ್ದೆ. 50 ಸಾವಿರದ್ದಕ್ಕೂ ಅದಕ್ಕೂ ಪ್ರೀಮಿಯಂನಲ್ಲಿ ಇದ್ದ ವ್ಯತ್ಯಾಸ ಶಿರಸಿಯಲ್ಲಿ ಇಬ್ಬರು ಹೋಟೆಲಿನಲ್ಲಿ ಊಟ ಮಾಡಿದಷ್ಟು. ಅಲ್ಲಿ ಜಿಪುಣತನ ಬೇಡ.

ಊರಿನ ಮೆಡಿಕ್ಲೇಮ್ ಇದೆಯಲ್ಲ ಎಂದು ಅಪ್ಪ ಹೇಳಬಹುದು. ಸಾಮಾನ್ಯವಾಗಿ ಅದು ಭಾರತದೊಳಗೆ ಮಾತ್ರ. ಅದೇ ರೀತಿ, ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ಕ್ರೂಸಿಗೆ ವಿದೇಶಿ ಪ್ರಯಾಣದ ಪಾಲಿಸಿ ನಡೆಯುವುದಿಲ್ಲ, ಅದಕ್ಕೆ ದೇಶದೊಳಗಿನ ಪ್ರಯಾಣದ ಪಾಲಿಸಿ ಬೇರೆ ಇದೆ.

ಈಗ ಬಿಪಿ-ಶುಗರ್ ವಿಷಯ. ಇದೇ ಮುಖ್ಯ. ನಮ್ಮ ಪರಿಚಯದ ಏಜೆಂಟ್ ಒಬ್ಬರು "ಬರೀಬೇಡಿ ಮಾರಾಯ್ರೇ, ಸುಮ್ನೆ ಪ್ರೀಮಿಯಂ ಏರುತ್ತೆ, ನಾಲ್ಕು ದಿನಕ್ಕೆ ಏನಾಗುತ್ತೆ" ಎಂದಿದ್ದರು. ಅವರ ಮಾತು ಕೇಳದೆ ಬರೆದೆ. ಕ್ಲೇಮ್ ಹಾಕಿದ ಮೇಲೆ ಕಂಪನಿಯವರು ಮೊದಲು ಕೇಳಿದ್ದೇ ಊರಿನ ಡಾಕ್ಟರ ಹಳೆಯ ಚೀಟಿಗಳನ್ನು. ತಲೆ ತಿರುಗಿದ್ದು ಬಿಪಿಯಿಂದ ಇರಬಹುದು ಎಂಬುದು ಅವರ ಗುಮಾನಿ. ಅಲ್ಲಿ ನಮ್ಮನ್ನು ಕಾಪಾಡಿದ್ದು ಎರಡು. ಬಿಪಿ ಇದೆ ಎಂದು ಅರ್ಜಿಯಲ್ಲೇ ಇತ್ತು, ಮುಚ್ಚಿಟ್ಟಿರಿ ಎನ್ನಲು ಬರಲಿಲ್ಲ. ಇನ್ನೊಂದು, ಹಡಗಿನ ಡಾಕ್ಟರ್ ಬರೆದ ಚೀಟಿಯಲ್ಲಿ ವಾಂತಿ-ಭೇದಿಯಿಂದ ಮೈಯಲ್ಲಿ ನೀರು ಕಡಿಮೆಯಾಗಿ ತಲೆ ತಿರುಗಿದೆ ಎಂದು ಕಾರಣ ಸ್ಪಷ್ಟವಾಗಿ ಇತ್ತು. ಆ ಚೀಟಿಯನ್ನು ನಾನು ಇಳಿಯುವಾಗ ತಗೊಂಡೇ ಇರಲಿಲ್ಲ, ಬರೀ ಬಿಲ್ ತಂದಿದ್ದೆ. ಆಮೇಲೆ ಮೇಲ್ ಮೇಲೆ ಮೇಲ್ ಹಾಕಿ ತರಿಸಿಕೊಳ್ಳಲು ಮೂರು ವಾರ ಹೋಯಿತು. ಒಟ್ಟು ಎರಡೂವರೆ ತಿಂಗಳಿಗೆ ದುಡ್ಡು ಬಂತು. ಮೊದಲ 100 ಡಾಲರ್ ನಾವೇ ಹೊರಬೇಕೆಂದು ಪಾಲಿಸಿಯಲ್ಲಿ ಇತ್ತು, ಅಷ್ಟು ಕಳೆದು ಉಳಿದದ್ದು. ನೀವು ಕ್ಲಿನಿಕ್ಕಿನಿಂದ ಹೊರಬೀಳುವಾಗಲೇ ಬಿಡಿಬಿಡಿ ಬಿಲ್, ಕಟ್ಟಿದ ರಸೀದಿ, ಡಾಕ್ಟರ ಸಹಿ ಇರುವ ವರದಿ, ಮೂರನ್ನೂ ಕೇಳಿ ತಗೊಳ್ಳಿ.

ಬರೆದ ಮಾತ್ರಕ್ಕೆ ಬಿಪಿ-ಶುಗರ್‌ನಿಂದ ಆಗುವುದಕ್ಕೆಲ್ಲ ದುಡ್ಡು ಸಿಗುತ್ತದೆ ಎಂದೇನೂ ಇಲ್ಲ. ಕೆಲವು ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಏನೂ ಇಲ್ಲ. ಕೆಲವದರಲ್ಲಿ ಜೀವಕ್ಕೆ ಅಪಾಯ ಇದ್ದಾಗ ಮಾತ್ರ, ಅದಕ್ಕೂ ಒಂದು ಮಿತಿ. ನಿಮ್ಮ ಅಪ್ಪನಿಗೆ ಈ ಸಾಲು ಯಾವ ಪಾಲಿಸಿಯಲ್ಲಿ ಚೆನ್ನಾಗಿದೆಯೋ ಅದೇ ನಿಮ್ಮ ಪಾಲಿಸಿ, ಉಳಿದದ್ದೆಲ್ಲ ಆಮೇಲೆ. ವಯಸ್ಸು 60 ದಾಟಿದವರಿಗೆ ಕೆಲವು ಕಂಪನಿಗಳು ರೂಮಿಗೆ ಇಷ್ಟು, ಆಪರೇಷನ್‌ಗೆ ಇಷ್ಟು ಎಂದು ಒಳಗೊಳಗೆ ಗೆರೆ ಹಾಕಿರುತ್ತವೆ. ಮೇಲೆ 1 ಲಕ್ಷ ಡಾಲರ್ ಎಂದಿರುತ್ತದೆ, ಒಳಗೆ ನೋಡಿದರೆ ಬೇರೆ ಕಥೆ. ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ, ಮೇಲ್‌ನಲ್ಲಿ ಕೇಳಿ, ಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ.

ಹಡಗಿನ ಕಂಪನಿಯ ಟಿಕ್ ಬಾಕ್ಸ್ ಬಗ್ಗೆ. ಅದು ಭಾರತದಲ್ಲಿ ಇರುವವರಿಗೆ ನಡೆಯುತ್ತದಾ ಎಂದು ಮೊದಲು ನೋಡಿ, ಹಲವು ಸಲ ಬೇರೆ ದೇಶದವರಿಗೆಂದೇ ಮಾಡಿದ್ದು ಇರುತ್ತದೆ. ಕೆಲವದರಲ್ಲಿ ಪ್ರವಾಸ ರದ್ದಾದರೆ ದುಡ್ಡು ವಾಪಸ್ ಕೊಡುವ ಬದಲು, ಮುಂದಿನ ಸಲ ಬನ್ನಿ ಎಂದು ಕ್ರೆಡಿಟ್ ಕೊಡುತ್ತಾರೆ. ನಮ್ಮ ಅಪ್ಪಯ್ಯನನ್ನು ಮುಂದಿನ ಸಲ ಹತ್ತಿಸುವುದು ಯಾರು! ಇಲ್ಲಿನ ಐಆರ್‌ಡಿಎಐ, ಅಂದರೆ ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯ ನೋಂದಣಿ ಇರುವ ಕಂಪನಿಯದಾದರೆ, ತಕರಾರು ಬಂದಾಗ ಮೊದಲು ಕಂಪನಿಗೆ, ಅಲ್ಲಿ ಆಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನ ಮಾಡುವ ಅಧಿಕಾರಿಯ ಬಳಿಗೆ ಹೋಗಬಹುದು. ಅದಕ್ಕೆ ಖರ್ಚಿಲ್ಲ, ವಕೀಲರೂ ಬೇಡ.

ಪಾಲಿಸಿಯ ದಿನಗಳನ್ನು ಹಡಗಿನ ದಿನಗಳಿಗೆ ಲೆಕ್ಕ ಹಾಕಬೇಡಿ. ಭಾರತ ಬಿಡುವ ದಿನದಿಂದ ವಾಪಸ್ ಬರುವ ದಿನದವರೆಗೆ, ಮೇಲೆ ಎರಡು ದಿನ ಜಾಸ್ತಿ. ದೇಶಗಳ ಪಟ್ಟಿಯಲ್ಲಿ ಸಿಂಗಾಪುರ ಒಂದನ್ನೇ ಅಲ್ಲ, ಮಲೇಷ್ಯಾ, ಥಾಯ್ಲೆಂಡ್ ಕೂಡ ಬರಬೇಕು. ಜೊತೆಗೆ ತಮ್ಮನೋ ಅಳಿಯನೋ ಇದ್ದರೆ, ಫುಕೆಟ್‌ನಲ್ಲಿ ಬಾಡಿಗೆ ಸ್ಕೂಟರ್, ಜೆಟ್ ಸ್ಕೀ ಎಂದು ಹೊರಟಾಗ ತಡೆಯಿರಿ. ಸಾಹಸ ಕ್ರೀಡೆ, ಕುಡಿದು ಆದ ಅಪಘಾತ, ಲೈಸೆನ್ಸ್ ಇಲ್ಲದ ಸವಾರಿ ಇವಕ್ಕೆ ಸಾಮಾನ್ಯವಾಗಿ ಕೈ ಎತ್ತಿಬಿಡುತ್ತಾರೆ.

ಇನ್ನೊಂದು ನಮ್ಮ ಜಿಲ್ಲೆಯವರಿಗೇ ಇರುವ ಕಷ್ಟ, ಹಡಗಿನವರೆಗೆ ತಲುಪುವುದು. ಹಡಗು ಯಾರಿಗೂ ಕಾಯುವುದಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು, ಮುಂದಿನ ತಿಂಗಳೇ ಕಾಳಿ ನದಿಯ ಹಳೆ ಸೇತುವೆ ನಡುರಾತ್ರಿ ಬಿತ್ತು. ಆ ದಿನಗಳಲ್ಲಿ ಇಲ್ಲಿಂದ ಗೋವಾ ಏರ್‌ಪೋರ್ಟಿಗೆ ಹೊರಟವರ ಪಾಡು ಯೋಚಿಸಿ. ಕನೆಕ್ಷನ್ ತಪ್ಪಿದರೆ ಕೊಡುತ್ತೇವೆ ಎನ್ನುವ ಪಾಲಿಸಿಗಳೂ ವಿಮಾನ ಇಷ್ಟು ತಾಸು ತಡವಾದರೆ ಎಂದು ಬರೆದಿರುತ್ತವೆ. ದೇವಿಮನೆ ಘಟ್ಟದಲ್ಲಿ ನಿಮ್ಮ ಕಾರು ನಿಂತದ್ದು ಅದರಲ್ಲಿ ಬರುವುದು ಕಷ್ಟ. ನಾವು ಪಂಚಗಂಗಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಹಡಗು ಹೊರಡುವ ಹಿಂದಿನ ದಿನವೇ ಸಿಂಗಾಪುರ ತಲುಪಿದ್ದೆವು. ಒಂದು ರಾತ್ರಿಯ ಹೋಟೆಲ್ ಖರ್ಚು ದುಬಾರಿಯೇ. ಆದರೂ ಯಾವ ಪಾಲಿಸಿಗಿಂತಲೂ ಅದೇ ಮೇಲು.

ಕೊನೆಯದಾಗಿ, ಪ್ರವಾಸ ರದ್ದತಿ. ಮುಂಗಡ ಕಟ್ಟಿದ ಕೂಡಲೇ ಪಾಲಿಸಿ ಮಾಡಿಸಿದರೆ ಆ ಲಾಭ ಅಂದಿನಿಂದಲೇ ಸಿಗುತ್ತದೆ, ಹೊರಡುವ ಹಿಂದಿನ ದಿನ ಮಾಡಿಸಿದರೆ ಆ ಭಾಗಕ್ಕೆ ಅರ್ಥವೇ ಇಲ್ಲ. ಆದರೆ ಅವರು ಒಪ್ಪುವ ಕಾರಣಗಳು ಕೆಲವೇ: ಕಾಯಿಲೆ, ಹತ್ತಿರದವರ ಸಾವು ಇಂಥವು. ಮನಸ್ಸು ಬದಲಾದದ್ದು ನಡೆಯುವುದಿಲ್ಲ. ಅಂದಹಾಗೆ, ನಿಮ್ಮ ಮನೆಯಲ್ಲಿ ಅಡಿಕೆ ತೋಟ ಇದೆಯಾ? ಇದ್ದರೆ ಡಿಸೆಂಬರ್ ಅಂದರೆ ಕೊನೆ ಕೊಯ್ಲು, ಅಡಿಕೆ ಗೊನೆ ಇಳಿಸುವ ಕಾಲ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಸಿಕ್ಕಿದ ದಿನ ಅಪ್ಪ ಪಾಸ್‌ಪೋರ್ಟ್ ಪಕ್ಕಕ್ಕಿಟ್ಟು ತೋಟಕ್ಕೆ ಹೊರಟರೆ ಅದಕ್ಕೆ ಯಾವ ಕಂಪನಿಯೂ ದುಡ್ಡು ಕೊಡುವುದಿಲ್ಲ. ನಾವು ಫೆಬ್ರವರಿಗೆ ಇಟ್ಟುಕೊಂಡದ್ದು ಅದಕ್ಕೇ. ಮುಂಗಡ ಕಟ್ಟುವ ಮೊದಲು ಒಂದು ಮಾತು ಅವರನ್ನು ಕೇಳಿಬಿಡಿ.