ಸಂಸ್ಥೆ ಬೆಳೆಯುತ್ತಿದೆ, ಆದಾಯ ಇಳಿಯುತ್ತಿದೆ: ಏನನ್ನು ಕೈಬಿಡಬೇಕು?

ಮಾನ್ಯರೇ,

ನೀವು ಹೊಣೆ ಹೊತ್ತಿರುವ ಸಂಸ್ಥೆಯಲ್ಲಿ ಮೂರು ವರ್ಷಗಳಿಂದ ಶಾಖೆಗಳೂ ಸಿಬ್ಬಂದಿಯೂ ಗ್ರಾಹಕರೂ ಹೆಚ್ಚುತ್ತಿದ್ದರೂ ಒಟ್ಟು ಆದಾಯ ಇಳಿಯುತ್ತಲೇ ಇದೆ ಎಂದು ಬರೆದಿದ್ದೀರಿ. ಆಡಳಿತ ಮಂಡಳಿಯಲ್ಲಿ ಕೆಲವರು ಎಲ್ಲ ವಿಭಾಗಗಳ ಖರ್ಚನ್ನೂ ಒಂದೇ ಪ್ರಮಾಣದಲ್ಲಿ ಕಡಿತಗೊಳಿಸಬೇಕೆನ್ನುತ್ತಾರೆ, ಉಳಿದವರು ಸಾಲ ತಂದಾದರೂ ಹೊಸ ಕ್ಷೇತ್ರಕ್ಕೆ ಕಾಲಿಡಬೇಕೆನ್ನುತ್ತಾರೆ. ಇವೆರಡರಲ್ಲಿ ಯಾವುದು ಸರಿ, ಸಿಬ್ಬಂದಿಗೆ ಈ ಸಂಗತಿಯನ್ನು ತಿಳಿಸಬೇಕೇ ಎಂಬುದು ನಿಮ್ಮ ಪ್ರಶ್ನೆ.

ಕಾರಣವನ್ನು ತಿಳಿಯುವ ಮೊದಲೇ ಇಬ್ಬರೂ ಮದ್ದು ಸೂಚಿಸುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಗ್ರಾಹಕರು ಹೆಚ್ಚಿದರೂ ಆದಾಯ ಇಳಿದಿದೆ ಎಂದರೆ ಒಬ್ಬೊಬ್ಬ ಗ್ರಾಹಕರಿಂದ ಬರುವ ಹಣ ಕಡಿಮೆಯಾಗಿದೆ. ಹೊಸಬರನ್ನು ಸೆಳೆಯಲು ಕೊಟ್ಟ ರಿಯಾಯಿತಿ ಹಳಬರಿಗೂ ಹಬ್ಬಿರಬಹುದು. ಹೆಚ್ಚು ಕೊಡುತ್ತಿದ್ದ ಹಳೆಯ ಗ್ರಾಹಕರು ಸದ್ದಿಲ್ಲದೆ ಬಿಟ್ಟುಹೋಗಿ, ಅವರ ಜಾಗಕ್ಕೆ ಕಡಿಮೆ ಕೊಡುವವರು ಬಂದಿರಬಹುದು. ಅಥವಾ ನಿಮ್ಮ ಸೇವೆಗೆ ಮಾರುಕಟ್ಟೆಯಲ್ಲಿದ್ದ ಬೆಲೆಯೇ ಕುಸಿದಿರಬಹುದು. ಮೊದಲನೆಯದನ್ನು ತಿದ್ದುವುದು ನಿಮ್ಮ ಕೈಯಲ್ಲಿದೆ, ಎರಡನೆಯದಕ್ಕೆ ಉತ್ತರವನ್ನು ಬಿಟ್ಟುಹೋದವರಿಂದಲೇ ಕೇಳಿ ತಿಳಿಯಬೇಕು, ಮೂರನೆಯದನ್ನು ಎಷ್ಟೇ ಉಳಿತಾಯ ಮಾಡಿದರೂ ಸರಿಪಡಿಸಲಾಗದು. ಆದ್ದರಿಂದ ಮೊದಲು ಶಾಖೆವಾರು ಮತ್ತು ಸೇವಾವಾರು ಲೆಕ್ಕ ತೆಗೆಸಿ. ಗ್ರಾಹಕರನ್ನು ಅವರು ಸೇರಿದ ವರ್ಷದ ಪ್ರಕಾರ ವಿಂಗಡಿಸಿಯೂ ನೋಡಿ. ಒಟ್ಟು ಮೊತ್ತದಲ್ಲಿ ಮುಚ್ಚಿಹೋಗಿದ್ದ ಸತ್ಯ ಈ ವಿಂಗಡಣೆಯಲ್ಲಿ ಹೊರಬರುತ್ತದೆ.

ಬೆಳವಣಿಗೆಯೇ ಸಂಕಟಕ್ಕೆ ಕಾರಣವಾಗಬಹುದು ಎಂಬುದಕ್ಕೆ ಡೆನ್ಮಾರ್ಕಿನ ಆಟಿಕೆ ತಯಾರಕ ಲೆಗೊ ಸಂಸ್ಥೆಯ ಅನುಭವವನ್ನು ಗಮನಿಸಬೇಕು. ಮನರಂಜನಾ ಉದ್ಯಾನ, ವಿಡಿಯೋ ಗೇಮ್, ಉಡುಪು ಎಂದು ಹಲವು ದಿಕ್ಕಿಗೆ ಹರಡಿಕೊಂಡಿದ್ದ ಆ ಸಂಸ್ಥೆ 2003 ಮತ್ತು 2004ರಲ್ಲಿ ಭಾರಿ ನಷ್ಟ ಕಂಡಿತು. 2004ರಲ್ಲಿ ಮುಖ್ಯಸ್ಥರಾದ ಯೋರ್ಗನ್ ವಿಗ್ ಕ್ನುಡ್‌ಸ್ಟಾರ್ಪ್ ಅವರ ಕಾಲದಲ್ಲಿ, ಮರುವರ್ಷವೇ ಉದ್ಯಾನಗಳ ಬಹುಪಾಲು ಒಡೆತನವನ್ನು ಮಾರಲಾಯಿತು. ಹನ್ನೆರಡು ಸಾವಿರ ದಾಟಿದ್ದ ಬಿಡಿಭಾಗಗಳ ವೈವಿಧ್ಯವನ್ನು ಸುಮಾರು ಅರ್ಧಕ್ಕೆ ಇಳಿಸಲಾಯಿತು. ಅಲ್ಲಿ ಎಲ್ಲದರಿಂದಲೂ ಒಂದಿಷ್ಟು ಕತ್ತರಿಸಲಿಲ್ಲ. ಕೆಲವನ್ನು ಪೂರ್ತಿಯಾಗಿ ಬಿಟ್ಟು, ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸುವ ತಮ್ಮ ಮೂಲ ಆಟಿಕೆಗೆ ಪೂರ್ತಿ ಗಮನ ಕೊಟ್ಟರು. ಸಮಪ್ರಮಾಣದ ಕಡಿತವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಅದು ನ್ಯಾಯವೆಂದು ತೋರುತ್ತದೆ, ಯಾರೊಂದಿಗೂ ಜಗಳವಾಗುವುದಿಲ್ಲ, ಆದರೆ ದುಡಿಯುವ ವಿಭಾಗವನ್ನೂ ಸೊರಗುವ ವಿಭಾಗವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಹೊಸ ಕ್ಷೇತ್ರದ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಕ್ಯಾಮೆರಾದ ಬಣ್ಣದ ಫಿಲ್ಮಿನ ಬೇಡಿಕೆ 2000ದ ಸುಮಾರಿಗೆ ತುದಿ ಮುಟ್ಟಿ ಕುಸಿಯತೊಡಗಿದಾಗ ಜಪಾನಿನ ಫಿಲ್ಮ್ ತಯಾರಕ ಫ್ಯೂಜಿಫಿಲ್ಮ್ ತನ್ನ ಛಾಯಾಚಿತ್ರ ವಿಭಾಗವನ್ನು ಕಿರಿದುಗೊಳಿಸಿತು. ಜೊತೆಗೆ ರಸಾಯನಶಾಸ್ತ್ರದಲ್ಲಿ ತನಗಿದ್ದ ಪರಿಣತಿಯನ್ನೇ ಎಲ್‌ಸಿಡಿ ಪರದೆಯ ಪದರಗಳಿಗೂ ಔಷಧ ಮತ್ತು ಪ್ರಸಾಧನ ಸಾಮಗ್ರಿಗೂ ಹರಿಸಿತು. ನಿಮ್ಮ ಮಂಡಳಿಯ ಸದಸ್ಯರು ಸೂಚಿಸಿರುವ ಕ್ಷೇತ್ರದಲ್ಲಿ ನಿಮ್ಮವರಿಗೆ ಈಗಾಗಲೇ ಅಂಥ ಪರಿಣತಿ ಇದೆಯೇ? ಇಲ್ಲವಾದರೆ ಸಾಲದ ಹಣದಲ್ಲಿ ಅದನ್ನು ಕಲಿಯುವ ಸಮಯ ಇದಲ್ಲ.

ಸಮಯವೆಂದಾಗ ನಗದಿನ ಮಾತು ಬರುತ್ತದೆ. ಬೆಳೆಯುವ ಸಂಸ್ಥೆಗೆ ಬಾಡಿಗೆ, ಸಂಬಳ, ಮುಂಗಡಗಳು ಮೊದಲು ಖರ್ಚಾಗುತ್ತವೆ, ವಸೂಲಿ ಆಮೇಲೆ ಆಗುತ್ತದೆ. ಹೀಗಾಗಿ ಪುಸ್ತಕದಲ್ಲಿ ಲಾಭವಿದ್ದರೂ ಖಾತೆ ಬರಿದಾಗುವುದುಂಟು. ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕಾಗುತ್ತದೆ ಎಂಬ ಲೆಕ್ಕವನ್ನು ಇದೇ ವಾರ ಮಾಡಿಸಿ, ಹೊಸ ಶಾಖೆಗಳನ್ನು ತಡೆಹಿಡಿಯಿರಿ, ಬಾಕಿ ವಸೂಲಿಗೆ ಹೊಣೆಗಾರರೊಬ್ಬರನ್ನು ನೇಮಿಸಿ.

ಇನ್ನು ಸಿಬ್ಬಂದಿಯ ವಿಷಯ. ಅವರಿಗೆ ತಿಳಿಸಲೇಬೇಕು, ಅದೂ ನಿರ್ಧಾರವಾದ ಕೂಡಲೇ, ನಿಮ್ಮ ಬಾಯಿಂದಲೇ. ಯಾವ ಸೇವೆ ನಿಲ್ಲುತ್ತದೆ, ಯಾರ ಕೆಲಸಕ್ಕೆ ಧಕ್ಕೆಯಾಗುತ್ತದೆ, ಅವರಿಗೆ ಏನು ಕೊಡಲಾಗುತ್ತದೆ ಎಂಬುದನ್ನು ಒಂದೇ ಸಲಕ್ಕೆ ಹೇಳಿಬಿಡಿ. ತಿಂಗಳಿಗೆ ನಾಲ್ವರಂತೆ ಕಳುಹಿಸುತ್ತ ಹೋದರೆ ಉಳಿಯಬೇಕಾದ ಸಮರ್ಥರೇ ಮೊದಲು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ.

— ಸಂಪಾದಕ