ವೆಬ್‌ಡ್ಯೂಯಿ ಬಂದರೆ ಹಳೆಯ ಸಂಪುಟಗಳನ್ನು ಏನು ಮಾಡುವುದು?

ಪ್ರಶ್ನೆ: ನಾನು ಪದವಿ ಕಾಲೇಜೊಂದರ ಗ್ರಂಥಪಾಲಕಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದ 19ನೆಯ ಆವೃತ್ತಿಯ ಮೂರು ಸಂಪುಟಗಳನ್ನು ನೋಡಿಯೇ ಈಗಲೂ ವರ್ಗಸಂಖ್ಯೆ ಕೊಡುತ್ತಿದ್ದೇನೆ. ಅದರ ಆನ್‌ಲೈನ್ ರೂಪವಾದ ವೆಬ್‌ಡ್ಯೂಯಿಗೆ ಚಂದಾ ಕಟ್ಟಬೇಕೇ? ಕಟ್ಟಿದರೆ ಇರುವ ಪುಸ್ತಕಗಳಿಗೆಲ್ಲ ಸಂಖ್ಯೆ ಬದಲಿಸಬೇಕಾಗುತ್ತದೆಯೇ? ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ ಕೋಲನ್ ವರ್ಗೀಕರಣ ಪದ್ಧತಿಗೂ ಇಂತಹ ಸೌಲಭ್ಯ ಇದೆಯೇ?

ಉತ್ತರ: ನಿಮ್ಮಲ್ಲಿರುವ ಸಂಪುಟಗಳು 1979ರವು. ಆಗ ಕಂಪ್ಯೂಟರಿಗೆ ಸ್ವಂತ ಮನೆ ಇರಲಿಲ್ಲ, 001.6ರ ಮೂಲೆಯೇ ಅದರ ಜಾಗ. ಆ ಲೆಕ್ಕದಲ್ಲಿ ನಿಮ್ಮ ಪೈಥಾನ್ ಪ್ರೋಗ್ರಾಮಿಂಗ್ ಪುಸ್ತಕ 001.6424ಕ್ಕೆ ಹೋಗುತ್ತದೆ, ಬೇರೆ ಗ್ರಂಥಾಲಯಗಳಲ್ಲಿ ಅದೇ ಪುಸ್ತಕ 005.133ರಲ್ಲಿ ಕುಳಿತಿರುತ್ತದೆ. 1989ರ 20ನೆಯ ಆವೃತ್ತಿಯಲ್ಲಿ ಕಂಪ್ಯೂಟರ್ ವಿಜ್ಞಾನ 004ರಿಂದ 006ರವರೆಗೆ ಹರಡಿಕೊಂಡಿತು. 1996ರ 21ನೆಯ ಆವೃತ್ತಿಯಲ್ಲಿ ಸಾರ್ವಜನಿಕ ಆಡಳಿತವನ್ನೂ ಜೀವವಿಜ್ಞಾನವನ್ನೂ ಹೊಸದಾಗಿಯೇ ಕಟ್ಟಿದರು. 2011ರಲ್ಲಿ ನಾಲ್ಕು ಸಂಪುಟಗಳ 23ನೆಯ ಆವೃತ್ತಿ ಬಂದಿತು. ತೆಲಂಗಾಣ ರಾಜ್ಯ ಹುಟ್ಟಿದ್ದು 2014ರಲ್ಲಿ, ಕೋವಿಡ್ ಬಂದದ್ದು ಅದಕ್ಕೂ ಆಮೇಲೆ. ಆ ಮುದ್ರಿತ ಪುಟಗಳಲ್ಲಿ ಅವನ್ನು ಹುಡುಕಿದರೆ ಸಿಗುವುದಾದರೂ ಹೇಗೆ? ವೆಬ್‌ಡ್ಯೂಯಿಯಲ್ಲಿ ಇಂಥ ತಿದ್ದುಪಡಿಗಳು ಹೊಸ ಆವೃತ್ತಿಗಾಗಿ ಕಾಯದೆ ಸೇರುತ್ತಾ ಹೋಗುತ್ತವೆ. ಚಂದಾ ಕಟ್ಟಲು ನನಗೆ ಕಾಣುವ ನಿಜವಾದ ಕಾರಣ ಇದು. ಹುಡುಕಾಟ ಬೇಗ ಮುಗಿಯುತ್ತದೆ ಎನ್ನುವುದು ಆಮೇಲಿನ ಮಾತು.

ಸಂಖ್ಯೆ ಕಟ್ಟುವ ಕೆಲಸವೂ ಅಲ್ಲಿ ಹಗುರ. ಕರ್ನಾಟಕದ ರೇಷ್ಮೆ ಕೃಷಿಯ ಪುಸ್ತಕವೊಂದು ಮೇಜಿನ ಮೇಲಿದೆ ಎನ್ನಿ. ರೇಷ್ಮೆಹುಳು ಸಾಕಣೆಗೆ 638.2. ಅದಕ್ಕೆ ಒಂದನೆಯ ಕೋಷ್ಟಕದಿಂದ ಸ್ಥಳ ಸೂಚಿಸುವ 09, ಎರಡನೆಯ ಕೋಷ್ಟಕದಿಂದ ಕರ್ನಾಟಕದ 5487 ಸೇರಿಸಿದರೆ 638.2095487. ಸಂಪುಟಗಳಲ್ಲಾದರೆ ಮೂರು ಕಡೆ ಬೆರಳಿಟ್ಟುಕೊಂಡು ಪುಟ ತಿರುವಬೇಕು. ಪರದೆಯ ಮೇಲೆ ಹಂತಹಂತವಾಗಿ ಮುಂದೆ ಏನು ಸೇರಿಸಬಹುದು ಎಂದು ಅದೇ ತೋರಿಸುತ್ತದೆ, ಕಟ್ಟಿದ ಸಂಖ್ಯೆಯನ್ನು ಉಳಿಸಿಯೂ ಇಡುತ್ತದೆ. ಆದರೆ ಪುಸ್ತಕ ಹುಳು ಸಾಕುವುದರ ಬಗ್ಗೆ ಇಲ್ಲದೆ ನೂಲು, ಬಟ್ಟೆಯ ಬಗ್ಗೆ ಇದ್ದರೆ 677.39ಕ್ಕೆ ಹೋಗಬೇಕು. ಅದನ್ನು ತಿಳಿಯಲು ಪರಿವಿಡಿಯನ್ನೂ ಮುನ್ನುಡಿಯನ್ನೂ ನೀವೇ ಓದಬೇಕು, ಬೇರೆ ದಾರಿಯಿಲ್ಲ. ರಕ್ಷಾಪುಟ ನೋಡಿ ಸಂಖ್ಯೆ ಕೊಟ್ಟ ಪುಸ್ತಕಗಳು ತಪ್ಪು ಕಪಾಟಿನಲ್ಲಿ ವರ್ಷಗಟ್ಟಲೆ ಯಾರ ಕೈಗೂ ಸಿಗದೆ ಕುಳಿತಿರುವುದನ್ನು ಕಂಡು ಸಂಕಟಪಟ್ಟಿದ್ದೇನೆ.

ಎಲ್ಲ ಪುಸ್ತಕಗಳಿಗೂ ಸಂಖ್ಯೆ ಬದಲಿಸಲು ಹೋಗಬೇಡಿ. ಕನ್ನಡ ಕಾದಂಬರಿ ಅಂದೂ 894.8143, ಇಂದೂ ಅದೇ. ಮೊದಲು 001.6ರ ಕಪಾಟಿಗೆ ಕೈ ಹಾಕಿ, ಬಳಿಕ ಜೀವವಿಜ್ಞಾನಕ್ಕೆ. ಹೊಸ ಪುಸ್ತಕಗಳಿಗೆ ಹೊಸ ಸಂಖ್ಯೆಯೇ ಇರಲಿ. ಪುಸ್ತಕದ ವಿವರವನ್ನು ಕಂಪ್ಯೂಟರ್ ಓದುವಂತೆ ಬರೆದಿಡುವ ಮಾರ್ಕ್ (MARC) ದಾಖಲೆಯಲ್ಲಿ, ಡ್ಯೂಯಿ ಸಂಖ್ಯೆಗೆ ಮೀಸಲಾದ 082ನೆಯ ಕ್ಷೇತ್ರದಲ್ಲಿ ಯಾವ ಆವೃತ್ತಿಯ ಸಂಖ್ಯೆ ಎಂಬುದನ್ನು ತಪ್ಪದೆ ನಮೂದಿಸಿ. ನಿಮ್ಮ ನಂತರ ಬರುವವರು ಊಹೆಯ ಮೇಲೆ ನಡೆಯುವ ಹಾಗಾಗಬಾರದು.

ಚಂದಾ ವಾರ್ಷಿಕ. ವರ್ಷಕ್ಕೆ ನೂರಿನ್ನೂರು ಪುಸ್ತಕಗಳಷ್ಟೇ ಬರುವ, ಅದರಲ್ಲೂ ಪಠ್ಯಪುಸ್ತಕಗಳೇ ಹೆಚ್ಚಿರುವ ಕಡೆ ಆ ಹಣವನ್ನು ಪುಸ್ತಕಕ್ಕೆ ಹಾಕುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸೂಚಿ ಉಚಿತ. ಅನೇಕ ದಾಖಲೆಗಳಲ್ಲಿ ಡ್ಯೂಯಿ ಸಂಖ್ಯೆಯೂ ಇರುತ್ತದೆ. ಅಲ್ಲಿಂದ ತೆಗೆದುಕೊಳ್ಳಿ, ಆದರೆ ನಿಮ್ಮ ಕಪಾಟಿನಲ್ಲಿ ಅದೇ ವಿಷಯದ ಇತರ ಪುಸ್ತಕಗಳು ಎಲ್ಲಿವೆ ಎಂದು ನೋಡಿದ ಮೇಲೆಯೇ ಚೀಟಿ ಅಂಟಿಸಿ. ಡ್ಯೂಯಿಯ ಬದಲು ಸಾರ್ವತ್ರಿಕ ದಶಮಾಂಶ ವರ್ಗೀಕರಣ (ಯುಡಿಸಿ) ಎಂಬ ಪದ್ಧತಿ ಬಳಸುವವರಿಗೆ ಅದರ ಸಂಕ್ಷಿಪ್ತ ರೂಪವೂ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಕೋಲನ್ ಪದ್ಧತಿಯ ವಿಚಾರ ಬಂದರೆ ನನಗೆ ಬೇಸರವಾಗುತ್ತದೆ. ಆ ಪದ್ಧತಿ ಮೊದಲು ಹೊರಬಂದದ್ದು 1933ರಲ್ಲಿ, ಅದರ 7ನೆಯ ಆವೃತ್ತಿ 1987ರದು. ವೆಬ್‌ಡ್ಯೂಯಿಯಂತೆ ನಿರಂತರ ಪರಿಷ್ಕರಣೆಗೊಳ್ಳುವ ಆನ್‌ಲೈನ್ ರೂಪ ಅದಕ್ಕೆ ದೊರೆಯಲಿಲ್ಲ. ರಂಗನಾಥನ್ 1962ರಲ್ಲಿ ಡಿಆರ್‌ಟಿಸಿ (ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್) ಸ್ಥಾಪಿಸಿದ್ದು ನಮ್ಮ ಬೆಂಗಳೂರಿನಲ್ಲೇ. ವಿಷಯವನ್ನು ಅದರ ಬೇರೆ ಬೇರೆ ಮುಖಗಳಾಗಿ, ಅಂದರೆ ಅಂಶಗಳಾಗಿ, ಬಿಡಿಸಿ ಮತ್ತೆ ಜೋಡಿಸುವ ಅವರ ವಿಧಾನ ಕಂಪ್ಯೂಟರಿಗೆ ಹೇಳಿ ಮಾಡಿಸಿದಂತಿದೆ. ನಿಮ್ಮಲ್ಲಿ ಕೋಲನ್ ಸಂಪುಟವಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.